ಹೀಟಿಂಗ್ ಬರ್ತಿಲ್ವಾ? ಬಾಯ್ಲರ್ ಬಿಡಿ, ಮೊದಲು ಕಂಟ್ರೋಲ್ ವೈರಿಂಗ್ ನೋಡಿ

ರೇಡಿಯೇಟರ್ ತಣ್ಣಗಿದೆ ಅಂದ ಕೂಡಲೇ ಎಲ್ಲರೂ ಬಾಯ್ಲರ್ ಕಡೆ ಕೈ ತೋರಿಸುತ್ತಾರೆ. ಎಷ್ಟೋ ಸಲ ಬಾಯ್ಲರ್‌ಗೆ ಏನೂ ಆಗಿರುವುದಿಲ್ಲ. ಹೊತ್ತಿಕೋ ಅನ್ನುವ ಸಂದೇಶವೇ ಅದಕ್ಕೆ ತಲುಪಿರುವುದಿಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಬ್ರಿಟನ್ನಿನ ಮನೆಗಳಲ್ಲಿ ಆ ಸಂದೇಶ ಅಂದರೆ 230 ವೋಲ್ಟಿನ ಒಂದು ಲೈವ್, ಅಂದರೆ ವೈರಿನಲ್ಲಿ ಬರುವ ಕರೆಂಟ್. ಅದು ಪ್ರೋಗ್ರಾಮರ್‌ನಿಂದ (ಹೀಟಿಂಗ್, ಬಿಸಿನೀರು ಯಾವಾಗ ಬೇಕು ಅಂತ ಸಮಯ ಹಾಕುವ ಪೆಟ್ಟಿಗೆ) ಹೊರಟು, ಥರ್ಮೋಸ್ಟಾಟ್ ದಾಟಿ, ನೀರಿನ ದಾರಿ ತೆರೆದು ಮುಚ್ಚುವ ಮೋಟಾರ್ ವಾಲ್ವ್ ದಾಟಿ, ಕೊನೆಗೆ ಬಾಯ್ಲರ್ ಮುಟ್ಟುತ್ತದೆ. ಮಲೆನಾಡಿನಲ್ಲಿ ಮಾಡಿಗೆ ಹೆಂಚು ಏರಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಹೆಂಚು ಮೇಲೆ ಬರಲಿಲ್ಲ ಅಂದರೆ ಮಾಡಿನ ಮೇಲಿರುವವನನ್ನು ಬೈದು ಪ್ರಯೋಜನವಿಲ್ಲ. ಸಾಲಿನಲ್ಲಿ ಯಾರ ಕೈಯಲ್ಲಿ ನಿಂತಿದೆ ಅಂತ ನೋಡಬೇಕು.

ಹೀಟಿಂಗ್ ಕಂಟ್ರೋಲ್‌ನ ದೋಷ ಹುಡುಕುವುದು ಅಂದರೆ ಇಷ್ಟೇ ಕೆಲಸ. ಲೈವ್ ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ. ಸುಮ್ನೆ ಊಹೆ ಮಾಡಿ ಥರ್ಮೋಸ್ಟಾಟ್ ತಂದು ಹಾಕಿ, ಆಮೇಲೆ ವಾಲ್ವ್, ಆಮೇಲೆ ಪಂಪ್ ಬದಲಾಯಿಸುತ್ತಾ ಹೋದರೆ ದುಡ್ಡೂ ಹಾಳು, ಅಷ್ಟರಲ್ಲಿ ಚಳಿಗಾಲವೂ ಅರ್ಧ ಮುಗಿದಿರುತ್ತದೆ.

ಊರಿನಲ್ಲಿ ನಮಗೆ ಗೀಸರ್ ಗೊತ್ತು. ಒಂದು ಸ್ವಿಚ್, ಒಂದು ಎಲಿಮೆಂಟ್, ಒಂದು ಥರ್ಮೋಸ್ಟಾಟ್, ಮುಗಿಯಿತು. ಇಲ್ಲಿಗೆ ಬಂದು ಮನೆ ಕೊಂಡವರಿಗೆ ಏರಿಂಗ್ ಕಬರ್ಡ್ (ಬಿಸಿನೀರಿನ ಸಿಲಿಂಡರ್ ಇರುವ ಕಪಾಟು) ಬಾಗಿಲು ತೆಗೆದ ಕೂಡಲೇ ತಾಮ್ರದ ಪೈಪು, ಬೆಳ್ಳಿ ಬಣ್ಣದ ಡಬ್ಬಿ ಹೊತ್ತ ವಾಲ್ವ್, ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆಯಿಂದ ಹೊರಬಂದ ಏಳೆಂಟು ಕೇಬಲ್ ಕಂಡು ಗಾಬರಿಯಾಗುವುದು ಸಹಜ. ಆ ಪೆಟ್ಟಿಗೆಯನ್ನು ವೈರಿಂಗ್ ಸೆಂಟರ್ ಅನ್ನುತ್ತಾರೆ. ಎಲ್ಲ ವೈರುಗಳೂ ಅಲ್ಲೇ ಬಂದು ಸೇರುತ್ತವೆ. ಹಾಗಾಗಿ ಹುಡುಕಾಟವೂ ಬಹುಪಾಲು ಅಲ್ಲೇ ಮುಗಿಯುತ್ತದೆ.

ನೀವು ಬಾಡಿಗೆ ಮನೆಯಲ್ಲಿದ್ದರೆ ಪೆಟ್ಟಿಗೆ ತೆಗೆಯಬೇಡಿ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಹೀಟಿಂಗ್ ಮತ್ತು ಬಿಸಿನೀರಿನ ರಿಪೇರಿ ಮಾಲೀಕರ ಜವಾಬ್ದಾರಿ ಅಂತ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯಲ್ಲೇ ಇದೆ. ಆದರೂ ಓದಿ. ಏನಾಗಿದೆ ಅಂತ ಸರಿಯಾಗಿ ಬರೆದು ಕಳಿಸಿದರೆ ಕೆಲಸ ಬೇಗ ಆಗುತ್ತದೆ.

ಮುಟ್ಟುವ ಮೊದಲು

ಬಾಯ್ಲರ್‌ನ ಗ್ಯಾಸ್ ಭಾಗ ನಮ್ಮದಲ್ಲ. ಅದನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರು ಮಾತ್ರ ಮುಟ್ಟಬೇಕು. 2009ರ ಏಪ್ರಿಲ್‌ವರೆಗೆ ಇದೇ ಕೆಲಸಕ್ಕೆ ಕೋರ್ಗಿ ಪಟ್ಟಿ ಇತ್ತು, ಹಳೆಯ ಸ್ಟಿಕ್ಕರ್‌ಗಳಲ್ಲಿ ಆ ಹೆಸರು ಕಾಣಬಹುದು. ಗ್ಯಾಸ್ ವಾಸನೆ ಬಂದರೆ ವೈರಿಂಗ್ ವಿಚಾರ ಪಕ್ಕಕ್ಕಿಡಿ. ಯಾವ ಸ್ವಿಚ್ಚೂ ಹಾಕಬೇಡಿ, ಆರಿಸಬೇಡಿ. ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ.

ಕಂಟ್ರೋಲ್‌ಗಳಿಗೆಲ್ಲ ಕರೆಂಟ್ ಬರುವುದು ಒಂದು ಫ್ಯೂಸ್ಡ್ ಸ್ಪರ್‌ನಿಂದ. ಗೋಡೆಯ ಮೇಲೆ ಸಣ್ಣ ಫ್ಯೂಸ್ ಮುಚ್ಚಳ ಇರುವ ಸ್ವಿಚ್ ಅದು, ಒಳಗಿನ ಫ್ಯೂಸ್ 3 ಆಂಪಿಯರ್‌ನದು. ಆ ಸ್ವಿಚ್ ಆರಿಸಿದರೆ ಸಾಲದು, ಫ್ಯೂಸ್ ಹೊರಗೆ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಟೆಸ್ಟರ್‌ನಿಂದ ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಟೆಸ್ಟರ್ ಸರಿ ಇದೆಯಾ ನೋಡಿ, ಆಮೇಲೆ ಇಲ್ಲಿ ನೋಡಿ, ಮತ್ತೆ ಗೊತ್ತಿರುವ ಕಡೆ ನೋಡಿ. ಮಧ್ಯದಲ್ಲಿ ಟೆಸ್ಟರ್ ಕೆಟ್ಟರೂ ಅದು "ಇಲ್ಲ" ಅಂತಲೇ ತೋರಿಸುತ್ತದೆ, ಅದಕ್ಕೇ ಮೂರು ಸಲ.

ಪ್ರೋಗ್ರಾಮರ್ ಆಫ್ ಮಾಡಿದರೆ ಕರೆಂಟ್ ಹೋಯಿತು ಅಂದುಕೊಳ್ಳುವುದು ದೊಡ್ಡ ಅಪಾಯ. ಸಿಲಿಂಡರ್ ಇರುವ ಮನೆಗಳಲ್ಲಿ ಎಸ್ ಪ್ಲಾನ್, ವೈ ಪ್ಲಾನ್ ಅಂತ ಎರಡು ಬಗೆಯ ವ್ಯವಸ್ಥೆ ಸಾಮಾನ್ಯ, ಗುರುತಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಎಸ್ ಪ್ಲಾನ್ ವಾಲ್ವ್‌ಗಳಲ್ಲಿ ಬೂದು ಬಣ್ಣದ ವೈರಿನಲ್ಲಿ ಯಾವಾಗಲೂ ಲೈವ್ ಇರುತ್ತದೆ. ವೈ ಪ್ಲಾನ್‌ನಲ್ಲಿ ಬಿಸಿನೀರು ಆಫ್ ಮಾಡಿದಾಗಲೇ ಬೂದು ವೈರಿಗೆ ಲೈವ್ ಬರುತ್ತದೆ. ಇನ್ನೊಂದು, ಸಿಲಿಂಡರ್‌ನಲ್ಲಿರುವ ಇಮ್ಮರ್ಷನ್ ಹೀಟರ್‌ನ ಸರ್ಕ್ಯೂಟ್ ಬೇರೆಯೇ. ಸ್ಪರ್ ಆರಿಸಿದರೆ ಅದು ಆರುವುದಿಲ್ಲ. ಕೆಲವು ಮನೆಗಳಲ್ಲಿ ಬಾಯ್ಲರ್‌ಗೆ ಒಂದು ಕಡೆಯಿಂದ, ವೈರಿಂಗ್ ಸೆಂಟರ್‌ಗೆ ಇನ್ನೊಂದು ಕಡೆಯಿಂದ ಕರೆಂಟ್ ಕೊಟ್ಟಿರುತ್ತಾರೆ. ಅದು ತಪ್ಪು ಕೆಲಸ. ಒಂದನ್ನು ಆರಿಸಿದರೂ ಇನ್ನೊಂದರಿಂದ ಅದೇ ಟರ್ಮಿನಲ್‌ಗೆ ಲೈವ್ ಬರಬಹುದು. ಹಾಗೆ ಕಂಡುಬಂದರೆ ದೋಷ ಹುಡುಕುವುದನ್ನು ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿ ಮಾಡಿಸಿ.

ಲೈವ್ ಇರುವಾಗ ಟರ್ಮಿನಲ್‌ಗೆ ಪ್ರೋಬ್ ಹಿಡಿಯುವ ಅಭ್ಯಾಸ ಇಲ್ಲದವರು ಮುಂದಿನ ಭಾಗದಲ್ಲಿರುವ ಕೈಯಿಂದ, ಕಿವಿಯಿಂದ ಮಾಡುವ ಪರೀಕ್ಷೆಗಳಲ್ಲೇ ನಿಲ್ಲಿ. ಅಷ್ಟರಿಂದಲೇ ದೋಷ ಎಲ್ಲಿದೆ ಅಂತ ಬಹಳ ಮಟ್ಟಿಗೆ ತಿಳಿಯುತ್ತದೆ.

ಟೆಸ್ಟರ್ ಇಲ್ಲದೆ ನೋಡಬಹುದಾದದ್ದು

ಮೊದಲು ಯಾವ ವ್ಯವಸ್ಥೆ ಅಂತ ಗುರುತಿಸಿ. ಸಿಲಿಂಡರ್ ಇಲ್ಲವೇ ಇಲ್ಲ, ನಲ್ಲಿ ತಿರುಗಿಸಿದಾಗ ಬಾಯ್ಲರ್ ಹೊತ್ತಿಕೊಳ್ಳುತ್ತದೆ ಅಂದರೆ ಕಾಂಬಿ. ಸಿಲಿಂಡರ್ ಇದ್ದು, ಹತ್ತಿರದಲ್ಲಿ ಎರಡು ಪೈಪು ಮಾತ್ರ ಸೇರುವ ಮೋಟಾರ್ ವಾಲ್ವ್ ಎರಡು ಅಥವಾ ಜಾಸ್ತಿ ಇದ್ದರೆ ಎಸ್ ಪ್ಲಾನ್. ಮೂರು ಪೈಪು ಸೇರುವ ಒಂದೇ ವಾಲ್ವ್ ಇದ್ದರೆ ವೈ ಪ್ಲಾನ್. ಈ ಹೆಸರುಗಳು ಹನಿವೆಲ್ ಕಂಪನಿ ಇಟ್ಟವು, ಈಗ ಬೇರೆ ಕಂಪನಿಯ ಸಾಮಾನು ಹಾಕಿದ್ದರೂ ಎಲ್ಲರೂ ಹಾಗೇ ಕರೆಯುತ್ತಾರೆ. ಹೀಟಿಂಗ್‌ಗೆ ಮಾತ್ರ ಪಂಪ್ ಇದ್ದು, ಸಿಲಿಂಡರ್‌ಗೆ ನೀರು ತಾನಾಗೇ ಏರುವ ತೀರಾ ಹಳೆಯ ವ್ಯವಸ್ಥೆಯೂ ಇದೆ. ಅದರಲ್ಲಿ ಬಿಸಿನೀರು ಆನ್ ಇಲ್ಲದೆ ಹೀಟಿಂಗ್ ಬರದೇ ಇರುವುದು ದೋಷವಲ್ಲ, ಅದು ಇರುವುದೇ ಹಾಗೆ.

ಪ್ರೋಗ್ರಾಮರ್‌ನ ಪರದೆ ಖಾಲಿಯಾ? ಹಾಗಿದ್ದರೆ ಸ್ಪರ್‌ನ ಫ್ಯೂಸ್ ನೋಡಿ. ಗಡಿಯಾರ ಸರಿ ಇದೆಯಾ? ಇಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಸಮಯ ಬದಲಾಗುತ್ತದೆ, ಹಳೆಯ ಟೈಮರ್ ಒಂದು ಗಂಟೆ ಹಿಂದೋ ಮುಂದೋ ಇರುತ್ತದೆ. ವೈರ್‌ಲೆಸ್ ಥರ್ಮೋಸ್ಟಾಟ್ ಆಗಿದ್ದರೆ ಬ್ಯಾಟರಿ ಬದಲಾಯಿಸಿ. ನೀರನ್ನು ಒತ್ತಡದಲ್ಲಿ ಮುಚ್ಚಿಟ್ಟಿರುವ (ಸೀಲ್ಡ್) ವ್ಯವಸ್ಥೆಯಾಗಿದ್ದರೆ ತಣ್ಣಗಿರುವಾಗ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ತೀರಾ ಕಡಿಮೆಯಾದರೆ ಅನೇಕ ಬಾಯ್ಲರ್‌ಗಳು ಹೊತ್ತಿಕೊಳ್ಳುವುದೇ ಇಲ್ಲ, ವೈರಿಂಗ್ ಎಷ್ಟೇ ಸರಿ ಇದ್ದರೂ.

ಈಗ ಹೀಟಿಂಗ್ ಮಾತ್ರ ಆನ್ ಮಾಡಿ ರೂಮ್ ಥರ್ಮೋಸ್ಟಾಟನ್ನು 30 ಡಿಗ್ರಿಗೆ ತಿರುಗಿಸಿ. ಡಯಲ್ ಇರುವ ಹಳೆಯದಾದರೆ "ಟಕ್" ಅಂತ ಕೇಳಬೇಕು. ಏರಿಂಗ್ ಕಬರ್ಡ್‌ಗೆ ಹೋಗಿ ವಾಲ್ವ್ ತಲೆಯ ಮೇಲೆ ಕಿವಿ ಇಡಿ. ಮೋಟಾರಿನ ಸಣ್ಣ ಗುಂಯ್ ಶಬ್ದ ಕೇಳಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ವಾಲ್ವ್ ತೆರೆದು, ಆಮೇಲೆ ಬಾಯ್ಲರ್ ಹೊತ್ತಿಕೊಳ್ಳಬೇಕು.

ವಾಲ್ವ್ ತಲೆಯ ಪಕ್ಕದಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ. ನನ್ನ ಪ್ರಕಾರ ಈ ಹುಡುಕಾಟದಲ್ಲಿ ಇದಕ್ಕಿಂತ ಉಪಯುಕ್ತ ವಸ್ತು ಇನ್ನೊಂದಿಲ್ಲ. ವಾಲ್ವ್ ಮುಚ್ಚಿದ್ದಾಗ ಲಿವರ್ ತಳ್ಳಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಎದುರು ತಳ್ಳುತ್ತದೆ. ಮೋಟಾರ್ ವಾಲ್ವನ್ನು ತೆರೆದ ಮೇಲೆ ಅದೇ ಲಿವರ್ ಸಡಿಲವಾಗಿ ಆಚೀಚೆ ಆಡುತ್ತದೆ. ಅಂದರೆ ಒಂದು ಬೆರಳಿನಿಂದ, ಕರೆಂಟ್ ಮುಟ್ಟದೆ, ಮೋಟಾರ್ ಕೆಲಸ ಮಾಡಿದೆಯಾ ಇಲ್ಲವಾ ಅಂತ ತಿಳಿಯುತ್ತದೆ. ಎಸ್ ಪ್ಲಾನ್‌ನಲ್ಲಿ ಲಿವರ್ ಸಡಿಲ, ಆದರೆ ಬಾಯ್ಲರ್ ಸದ್ದಿಲ್ಲ ಅಂದರೆ ಪ್ರೋಗ್ರಾಮರ್, ಥರ್ಮೋಸ್ಟಾಟ್, ಮೋಟಾರ್ ಮೂರೂ ಸರಿ ಇವೆ. ತಡೆ ಇರುವುದು ವಾಲ್ವ್‌ನೊಳಗಿನ ಮೈಕ್ರೋಸ್ವಿಚ್‌ನಲ್ಲಿ (ವಾಲ್ವ್ ತೆರೆದಾಗ ಬಾಯ್ಲರ್‌ಗೆ ಲೈವ್ ಬಿಡುವ ಪುಟ್ಟ ಸ್ವಿಚ್), ಇಲ್ಲವೇ ಅದರಿಂದ ಬಾಯ್ಲರ್‌ಗೆ ಹೋಗುವ ವೈರಿನಲ್ಲಿ, ಇಲ್ಲವೇ ಬಾಯ್ಲರ್‌ನಲ್ಲೇ. ಲಿವರ್ ಬಿಗಿಯಾಗಿಯೇ ಇದ್ದರೆ ಮೋಟಾರ್ ಸತ್ತಿದೆ, ಅಥವಾ ಅಲ್ಲಿವರೆಗೆ ಲೈವ್ ಬಂದೇ ಇಲ್ಲ.

ಎಸ್ ಪ್ಲಾನ್: ಐದು ವೈರಿನ ವಾಲ್ವ್

ಹನಿವೆಲ್‌ನ ವಿ4043ಎಚ್ ಮಾದರಿಯ ವಾಲ್ವ್‌ನಿಂದ ಐದು ವೈರು ಹೊರಬರುತ್ತವೆ. ಕಂದು ಮೋಟಾರಿಗೆ ಲೈವ್. ನೀಲಿ ನ್ಯೂಟ್ರಲ್. ಹಸಿರು-ಹಳದಿ ಅರ್ತ್. ಬೂದು ಯಾವಾಗಲೂ ಲೈವ್. ಕಿತ್ತಳೆ ಬಾಯ್ಲರ್‌ಗೆ ಹೋಗುವ ಆಜ್ಞೆ. ವಾಲ್ವ್ ಪೂರ್ತಿ ತೆರೆದಾಗ ಒಳಗಿನ ಮೈಕ್ರೋಸ್ವಿಚ್ ಬೂದನ್ನೂ ಕಿತ್ತಳೆಯನ್ನೂ ಸೇರಿಸುತ್ತದೆ. ಹೀಟಿಂಗ್ ವಾಲ್ವ್, ಬಿಸಿನೀರಿನ ವಾಲ್ವ್ ಎರಡರ ಕಿತ್ತಳೆ ವೈರೂ ಒಂದೇ ಟರ್ಮಿನಲ್‌ನಲ್ಲಿ ಸೇರಿ ಬಾಯ್ಲರ್‌ಗೆ ಹೋಗುತ್ತವೆ. ನೀರಿಗೆ ದಾರಿ ತೆರೆಯದೆ ಬೆಂಕಿ ಹೊತ್ತಬಾರದು ಅನ್ನುವುದೇ ಈ ಏರ್ಪಾಡಿನ ಉದ್ದೇಶ, ಬಹಳ ಒಳ್ಳೆಯ ಏರ್ಪಾಡು.

ಹೀಟಿಂಗ್ ಕೇಳುತ್ತಿರುವಾಗ ಒಂದೊಂದಾಗಿ ಅಳೆಯಿರಿ, ಪ್ರತಿ ಸಲ ನ್ಯೂಟ್ರಲ್‌ಗೆ ಹೋಲಿಸಿ. ಪ್ರೋಗ್ರಾಮರ್‌ನ ಹೀಟಿಂಗ್ ಆನ್ ಟರ್ಮಿನಲ್‌ನಲ್ಲಿ 230 ಇದೆಯಾ? ಇವತ್ತು ಬರುವ ಬಹಳಷ್ಟು ಪ್ರೋಗ್ರಾಮರ್‌ಗಳ ಹಿಂಬದಿ ಪ್ಲೇಟಿನಲ್ಲಿ ಎನ್, ಎಲ್, 1, 2, 3, 4 ಅಂತ ಇರುತ್ತದೆ. 1 ಬಿಸಿನೀರು ಆಫ್, 2 ಹೀಟಿಂಗ್ ಆಫ್, 3 ಬಿಸಿನೀರು ಆನ್, 4 ಹೀಟಿಂಗ್ ಆನ್. 4ರಲ್ಲಿ ಲೈವ್ ಇದ್ದು ರೂಮ್ ಥರ್ಮೋಸ್ಟಾಟ್‌ನಿಂದ ವಾಪಸ್ ಬರುವ ವೈರಿನಲ್ಲಿ ಇಲ್ಲ ಅಂದರೆ ಥರ್ಮೋಸ್ಟಾಟ್ ಅಥವಾ ಅದರ ಕೇಬಲ್. ಅಲ್ಲಿ ಬಂದಿದೆ, ಹೀಟಿಂಗ್ ವಾಲ್ವ್‌ನ ಕಂದು ವೈರಿಗೂ ಬಂದಿದೆ, ಲಿವರ್ ಮಾತ್ರ ಬಿಗಿ ಅಂದರೆ ಮೋಟಾರ್. ಲಿವರ್ ಸಡಿಲ, ಬೂದಿನಲ್ಲಿ ಲೈವ್ ಇದೆ, ಕಿತ್ತಳೆಯಲ್ಲಿ ಇಲ್ಲ ಅಂದರೆ ಮೈಕ್ರೋಸ್ವಿಚ್. ಬೂದಿನಲ್ಲೇ ಇಲ್ಲ ಅಂದರೆ ವೈರಿಂಗ್ ಸೆಂಟರ್‌ನ ಲೈವ್ ಟರ್ಮಿನಲ್‌ನಲ್ಲಿ ಸ್ಕ್ರೂ ಸಡಿಲ. ಕಿತ್ತಳೆಯಲ್ಲೂ 230 ಇದೆ, ಬಾಯ್ಲರ್ ಮಾತ್ರ ಹೊತ್ತುತ್ತಿಲ್ಲ ಅಂದರೆ ಆಗ, ಆಗ ಮಾತ್ರ, ಬಾಯ್ಲರ್ ಕಡೆ ನೋಡಿ.

ಒಂದು ಅನುಕೂಲ ಇದೆ. ಬಿಸಿನೀರು ಸರಿಯಾಗಿ ಬರುತ್ತಿದೆ, ಹೀಟಿಂಗ್ ಮಾತ್ರ ಇಲ್ಲ ಅಂದರೆ ಬಾಯ್ಲರ್, ಪಂಪ್ ಎರಡೂ ಸರಿ ಇವೆ ಅಂತ ಆಗಲೇ ಗೊತ್ತಾಯಿತು. ಹೀಟಿಂಗ್ ಕಡೆಯ ಸಾಲನ್ನಷ್ಟೇ ನೋಡಿದರೆ ಸಾಕು. ಎರಡೂ ಇಲ್ಲ ಅಂದರೆ ಎರಡಕ್ಕೂ ಸೇರಿದ್ದನ್ನು ನೋಡಿ: ಫ್ಯೂಸ್, ನ್ಯೂಟ್ರಲ್, ಕಿತ್ತಳೆಗಳು ಸೇರುವ ಟರ್ಮಿನಲ್, ಪಂಪ್, ಬಾಯ್ಲರ್. ಎರಡು ವಾಲ್ವ್ ಒಂದೇ ದಿನ ಕೆಡುವುದು ತೀರಾ ಅಪರೂಪ.

ಇದಕ್ಕೆ ಉಲ್ಟಾ ದೋಷವೂ ಬರುತ್ತದೆ. ಎಲ್ಲ ಆಫ್ ಮಾಡಿದರೂ ಬಾಯ್ಲರ್ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಗ್ಯಾಸ್ ಬಿಲ್ ನೋಡಿದಾಗ ಗೊತ್ತಾಗುವ ದೋಷ ಇದು. ಯಾವುದೋ ಒಂದು ಕಿತ್ತಳೆ ವೈರು ಲೈವ್ ಆಗಿಯೇ ಉಳಿದಿದೆ ಅಂತ ಅರ್ಥ. ಯಾವುದು? ಎರಡೂ ಆಫ್ ಮಾಡಿ ಲಿವರ್‌ಗಳನ್ನು ಮುಟ್ಟಿ ನೋಡಿ. ಒಂದು ಸಡಿಲವಾಗಿದ್ದರೆ ಆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಅದರ ಆಚೆಗಿನ ಪೈಪೂ ಬಿಸಿಯಾಗಿರುತ್ತದೆ. ಆದರೆ ಅದರ ಕಂದು ವೈರಿನಲ್ಲಿ ಇನ್ನೂ ಲೈವ್ ಇದ್ದರೆ ವಾಲ್ವ್‌ದು ತಪ್ಪಿಲ್ಲ, ಥರ್ಮೋಸ್ಟಾಟೋ ಪ್ರೋಗ್ರಾಮರ್‌ನ ರಿಲೇಯೋ ಅಂಟಿಕೊಂಡಿದೆ. ಎರಡೂ ಬಿಗಿಯಾಗಿದ್ದು ಬಾಯ್ಲರ್ ಓಡುತ್ತಿದ್ದರೆ ಮೈಕ್ರೋಸ್ವಿಚ್ ಒಳಗೆ ಅಂಟಿದೆ. ಇದು ಬೇಗ ಸರಿ ಮಾಡಬೇಕಾದ ದೋಷ, ನೀರಿಗೆ ದಾರಿ ಇಲ್ಲದೆ ಬಾಯ್ಲರ್ ಕಾಯುತ್ತಿರುತ್ತದೆ. ಕರೆಂಟ್ ತೆಗೆದು, ಎರಡು ಕಿತ್ತಳೆಗಳನ್ನೂ ಬಿಡಿಸಿ ಬೇರೆ ಬೇರೆ ಕನೆಕ್ಟರ್‌ಗೆ ಹಾಕಿ, ಮತ್ತೆ ಕರೆಂಟ್ ಕೊಟ್ಟು ಅಳೆದರೆ ಯಾವುದು ಅಂತ ತಕ್ಷಣ ತಿಳಿಯುತ್ತದೆ.

ವೈ ಪ್ಲಾನ್: ಎಲ್ಲರನ್ನೂ ಕಾಡುವ ಬೂದು ವೈರು

ಇಲ್ಲಿ ನಿಧಾನವಾಗಿ ಓದಿ. ಒಳ್ಳೆಯ ಎಲೆಕ್ಟ್ರಿಷಿಯನ್‌ಗಳೂ ತಡವರಿಸುವುದು ಇಲ್ಲೇ.

ವಾಲ್ವ್ ಒಂದೇ, ಸ್ಥಾನ ಮೂರು. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಅದನ್ನು ಬಿ ಕಡೆಗೆ ಎಳೆದಿರುತ್ತದೆ, ಅಂದರೆ ನೀರೆಲ್ಲ ಸಿಲಿಂಡರ್‌ಗೆ. ಬಿಳಿ ವೈರಿಗೆ ಮಾತ್ರ ಲೈವ್ ಬಂದರೆ ವಾಲ್ವ್ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಎರಡೂ ಕಡೆ ನೀರು. ಬಿಳಿ ಮತ್ತು ಬೂದು ಎರಡಕ್ಕೂ ಲೈವ್ ಬಂದರೆ ಪೂರ್ತಿ ಎ ಕಡೆಗೆ ತಿರುಗುತ್ತದೆ, ನೀರೆಲ್ಲ ರೇಡಿಯೇಟರ್‌ಗೆ. ಬಿಳಿ ಅಂದರೆ "ಹೀಟಿಂಗ್ ಬೇಕು". ಬೂದು ಅಂದರೆ "ಬಿಸಿನೀರು ಬೇಡ". ಬೇಡ ಅನ್ನುವುದನ್ನೂ ಲೈವ್ ಕೊಟ್ಟೇ ಹೇಳಬೇಕು, ಇದೇ ವೈ ಪ್ಲಾನ್‌ನ ಗುಟ್ಟು.

ಬಾಯ್ಲರ್‌ಗೆ ಆಜ್ಞೆ ಹೋಗುವ ದಾರಿಯೂ ಎರಡು. ಬಿಸಿನೀರು ಬೇಕಾದಾಗ ಸಿಲಿಂಡರ್ ಥರ್ಮೋಸ್ಟಾಟ್ ನೇರವಾಗಿ ಬಾಯ್ಲರ್ ಮತ್ತು ಪಂಪಿಗೆ ಲೈವ್ ಕೊಡುತ್ತದೆ, ವಾಲ್ವ್‌ನ ಅನುಮತಿ ಬೇಕಿಲ್ಲ. ಹೀಟಿಂಗ್ ಮಾತ್ರ ಬೇಕಾದಾಗ ವಾಲ್ವ್ ಎ ತುದಿ ಮುಟ್ಟಿದ ಮೇಲೆ ಅದರ ಒಳಗಿನ ಸ್ವಿಚ್ ಕಿತ್ತಳೆಗೆ ಲೈವ್ ಕೊಡುತ್ತದೆ. ವಾಲ್ವ್ ಮಧ್ಯದಲ್ಲಿ ನಿಂತಿದ್ದರೆ ಕಿತ್ತಳೆಗೆ ಅದರಿಂದ ಏನೂ ಬರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎರಡು ದೋಷಗಳೂ ಇದರಿಂದಲೇ ಹುಟ್ಟುತ್ತವೆ.

ಬೂದು ವೈರಿಗೆ ಎರಡು ಕಡೆಯಿಂದ ಲೈವ್ ಬರಬೇಕು. ಒಂದು, ಪ್ರೋಗ್ರಾಮರ್‌ನ ಬಿಸಿನೀರು ಆಫ್ ಟರ್ಮಿನಲ್‌ನಿಂದ. ಇನ್ನೊಂದು, ಸಿಲಿಂಡರ್ ಥರ್ಮೋಸ್ಟಾಟ್‌ನಿಂದ, ನೀರು ಸಾಕಷ್ಟು ಬಿಸಿಯಾದಾಗ. ಹನಿವೆಲ್‌ನ ಎಲ್641ಎ ಆದರೆ ಅದು 2ನೇ ಟರ್ಮಿನಲ್. ಅದರ ಸಿ ಗುರುತಿಗೆ ಪ್ರೋಗ್ರಾಮರ್‌ನಿಂದ ಬಿಸಿನೀರು ಆನ್ ಬರುತ್ತದೆ, 1ರಿಂದ ಬಾಯ್ಲರ್‌ಗೆ ಹೋಗುತ್ತದೆ.

ಈಗ ದೋಷ. ಯಾರೋ ಹಳೆಯ ಪ್ರೋಗ್ರಾಮರ್ ತೆಗೆದು ಹೊಸ ಸ್ಮಾರ್ಟ್ ಕಂಟ್ರೋಲ್ ಹಾಕಿದರು, ಬಿಸಿನೀರು ಆಫ್ ವೈರನ್ನು "ಇದು ಬೇಕಿಲ್ಲ" ಅಂತ ಟೇಪ್ ಸುತ್ತಿ ಬಿಟ್ಟರು. ಆಮೇಲೆ ಏನಾಗುತ್ತದೆ? ಬಿಸಿನೀರು ಆನ್ ಇದ್ದಾಗ ಹೀಟಿಂಗ್ ಬರುತ್ತದೆ. ಬಿಸಿನೀರು ಆಫ್ ಮಾಡಿ ಹೀಟಿಂಗ್ ಮಾತ್ರ ಹಾಕಿದರೆ ಏನೂ ಇಲ್ಲ. ಬಿಳಿಗೆ ಲೈವ್ ಬಂತು, ವಾಲ್ವ್ ಮಧ್ಯಕ್ಕೆ ಬಂತು, ಬೂದು ಬರಲಿಲ್ಲ, ಅಲ್ಲೇ ನಿಂತಿತು. ಮನೆಯವರು ಬಿಸಿನೀರನ್ನೂ ಸದಾ ಆನ್ ಇಟ್ಟುಕೊಂಡು ವರ್ಷಗಟ್ಟಲೆ ಹೀಗೇ ದೂಡುತ್ತಾರೆ, ಇದೂ ಒಂದು ದೋಷ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ಇದರ ತಮ್ಮ. ಸಿಲಿಂಡರ್ ಥರ್ಮೋಸ್ಟಾಟ್‌ನ 2ನೇ ವೈರು ಬಿಟ್ಟುಹೋಗಿದೆ ಅಥವಾ ಅದರ ಸಂಪರ್ಕ ಸುಟ್ಟಿದೆ. ಬೆಳಿಗ್ಗೆ ಎರಡೂ ಆನ್. ಹೀಟಿಂಗ್ ಚೆನ್ನಾಗಿ ಶುರುವಾಗುತ್ತದೆ. ಸಿಲಿಂಡರ್ ಬಿಸಿಯಾದ ಕೂಡಲೇ ಬಾಯ್ಲರ್ ನಿಂತುಬಿಡುತ್ತದೆ, ಮನೆ ಇನ್ನೂ ತಣ್ಣಗೇ ಇರುತ್ತದೆ. ಯಾರಾದರೂ ಸ್ನಾನ ಮಾಡಿ ಬಿಸಿನೀರು ಖರ್ಚಾದರೆ ರೇಡಿಯೇಟರ್ ಮತ್ತೆ ಬಿಸಿ! ಇಂಥ ವಿಚಿತ್ರ ದೂರು ಕೇಳಿದರೆ ನೇರವಾಗಿ ಸಿಲಿಂಡರ್ ಥರ್ಮೋಸ್ಟಾಟ್‌ನಿಂದ ಬೂದು ವೈರಿಗೆ ಹೋಗುವ ದಾರಿ ನೋಡಿ.

ಎರಡರಲ್ಲಿ ಯಾವುದು ಅಂತ ಬೇರ್ಪಡಿಸುವುದು ಸುಲಭ. ಹೀಟಿಂಗ್ ಆನ್, ಬಿಸಿನೀರು ಆನ್ ಇಟ್ಟು ಸಿಲಿಂಡರ್ ಥರ್ಮೋಸ್ಟಾಟನ್ನು ಪೂರ್ತಿ ಕೆಳಗೆ ತಿರುಗಿಸಿ. ಬಾಯ್ಲರ್ ಮುಂದುವರಿದರೆ ಆ ದಾರಿ ಸರಿ ಇದೆ. ಆಮೇಲೆ ಪ್ರೋಗ್ರಾಮರ್‌ನಲ್ಲಿ ಬಿಸಿನೀರು ಆಫ್ ಮಾಡಿ. ಈಗ ನಿಂತರೆ ಪ್ರೋಗ್ರಾಮರ್‌ನ 1ನೇ ವೈರು. ಎರಡರಲ್ಲೂ ನಿಂತರೆ ಬೂದಿನಲ್ಲಿ 230 ಇದೆಯಾ ಅಳೆಯಿರಿ. ಇದೆ, ಬಿಳಿಯಲ್ಲೂ ಇದೆ, ಕಿತ್ತಳೆಯಲ್ಲಿ ಮಾತ್ರ ಇಲ್ಲ ಅಂದರೆ ವಾಲ್ವ್‌ನ ತಲೆಯೇ ಕೆಟ್ಟಿದೆ. ಪರೀಕ್ಷೆ ಮುಗಿದ ಮೇಲೆ ಸಿಲಿಂಡರ್ ಥರ್ಮೋಸ್ಟಾಟನ್ನು ಮರೆಯದೆ 60 ಡಿಗ್ರಿಗೆ ತನ್ನಿ. ಅದಕ್ಕಿಂತ ಬಹಳ ಕಡಿಮೆ ಇಟ್ಟು ನೀರು ನಿಲ್ಲಿಸಿದರೆ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದೆ.

ಬಿಸಿನೀರು ಮಾತ್ರ ಆನ್ ಇರುವಾಗ ರೇಡಿಯೇಟರ್ ಬೆಚ್ಚಗಾಗುತ್ತಿದ್ದರೆ ಬಿಳಿ ವೈರು ಅಳೆಯಿರಿ. ಅದರಲ್ಲಿ ಲೈವ್ ಇಲ್ಲ ಅಂದರೆ ವಾಲ್ವ್ ಬಿ ಕಡೆಗೆ ಪೂರ್ತಿ ವಾಪಸ್ ಹೋಗುತ್ತಿಲ್ಲ, ಸಿಕ್ಕಿಕೊಂಡಿದೆ. ಇದು ವೈರಿಂಗ್ ದೋಷ ಅಲ್ಲ. ಇನ್ನು ಎಲ್ಲ ಆಫ್ ಇದ್ದರೂ ವೈ ಪ್ಲಾನ್ ವಾಲ್ವ್‌ನ ತಲೆ ಬೆಚ್ಚಗಿರುತ್ತದೆ ಅಂತ ಹೆದರುವವರಿದ್ದಾರೆ. ಬೂದಿನಲ್ಲಿ ಲೈವ್ ಇರುವ ತನಕ ಮೋಟಾರ್ ವಾಲ್ವನ್ನು ಹಿಡಿದಿಟ್ಟುಕೊಂಡಿರಬಹುದು, ಅದು ಸಹಜ.

ಬಣ್ಣ ನಂಬಬೇಡಿ

ನಮ್ಮ ಊರಿನಲ್ಲಿ ಕೆಂಪು ಲೈವ್, ಕಪ್ಪು ನ್ಯೂಟ್ರಲ್ ಅಂತ ಕಲಿತವರಿಗೆ ಇಲ್ಲಿನ ಹಳೆಯ ಮನೆ ಪರಿಚಿತ ಅನ್ನಿಸುತ್ತದೆ. ಬ್ರಿಟನ್ನಿನಲ್ಲೂ ಮನೆಯ ವೈರಿಂಗ್ ಹಾಗೇ ಇತ್ತು. 2004ರ ಮಾರ್ಚ್ 31ರಿಂದ ಹೊಸ ಬಣ್ಣ ಬಂತು, ಲೈವ್‌ಗೆ ಕಂದು, ನ್ಯೂಟ್ರಲ್‌ಗೆ ನೀಲಿ. 2006ರ ಏಪ್ರಿಲ್‌ನಿಂದ ಹೊಸದೇ ಕಡ್ಡಾಯ. ಆದರೆ ಹಳೆಯ ಕೇಬಲ್ ಗೋಡೆಯೊಳಗೆ ಹಾಗೇ ಇದೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಕಾಲದ ಬಣ್ಣ ಸೇರಿರುತ್ತವೆ.

ಅಪಾಯ ಇರುವುದು ಮೂರು ಎಳೆಯ ಕೇಬಲ್‌ನಲ್ಲಿ, ಥರ್ಮೋಸ್ಟಾಟ್‌ಗಳಿಗೆ ಹೋಗುವುದು ಸಾಮಾನ್ಯವಾಗಿ ಅದೇ. ಹಳೆಯದರಲ್ಲಿ ಬಣ್ಣ ಕೆಂಪು, ಹಳದಿ, ನೀಲಿ. ಹೊಸದರಲ್ಲಿ ಕಂದು, ಕಪ್ಪು, ಬೂದು. ಹಳೆಯ ನೀಲಿ ಸ್ವಿಚ್ಡ್ ಲೈವ್ (ಥರ್ಮೋಸ್ಟಾಟ್ ಆನ್ ಆದಾಗ ಮಾತ್ರ ಲೈವ್ ಬರುವ ವೈರು) ಆಗಿರಬಹುದು, ಹೊಸ ಕಪ್ಪೂ ಸ್ವಿಚ್ಡ್ ಲೈವ್ ಆಗಿರಬಹುದು. ನೀಲಿ ಕಂಡ ಕೂಡಲೇ ನ್ಯೂಟ್ರಲ್ ಅಂತ ತಿಳಿದು ನ್ಯೂಟ್ರಲ್ ಟರ್ಮಿನಲ್‌ಗೆ ಸೇರಿಸಿದರೆ, ಥರ್ಮೋಸ್ಟಾಟ್ ಆನ್ ಆದ ಕ್ಷಣ ಲೈವ್ ನೇರವಾಗಿ ನ್ಯೂಟ್ರಲ್‌ಗೆ ಹೋಗಿ ಫ್ಯೂಸ್ ಹಾರುತ್ತದೆ. ಕೇಬಲ್‌ನ ಬೂದಿಗೂ ವಾಲ್ವ್‌ನ ಬೂದಿಗೂ ಯಾವ ಸಂಬಂಧವೂ ಇಲ್ಲ ಅನ್ನುವುದೂ ನೆನಪಿರಲಿ. ಏನನ್ನೂ ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಅದರ ಟರ್ಮಿನಲ್ ನಂಬರ್ ಬರೆದು ಚೀಟಿ ಅಂಟಿಸಿ. ಬಣ್ಣಕ್ಕಿಂತ ನಂಬರ್ ಮುಖ್ಯ.

ಮೀಟರ್ ಸುಳ್ಳು ಹೇಳುವಾಗ

ಡಿಜಿಟಲ್ ಮಲ್ಟಿಮೀಟರ್ ಹಿಡಿದವರು ಒಂದಲ್ಲ ಒಂದು ದಿನ 60, 80 ವೋಲ್ಟ್ ಅಂತ ಅರ್ಥವಾಗದ ಅಂಕಿ ನೋಡುತ್ತಾರೆ. ಈ ವೈರಿಂಗ್‌ನಲ್ಲಿ ಇರಬೇಕಾದದ್ದು ಒಂದೋ 230 ಆಸುಪಾಸು, ಇಲ್ಲವೇ ಸೊನ್ನೆ. ಮಧ್ಯದ ಅಂಕಿ ಬಂದರೆ ಬಹಳಷ್ಟು ಸಲ ಆ ವೈರು ಎಲ್ಲಿಗೂ ಸೇರಿಲ್ಲ ಅಂತ ಅರ್ಥ. ಒಂದೇ ಕೇಬಲ್‌ನಲ್ಲಿ ಪಕ್ಕದಲ್ಲೇ ಲೈವ್ ಎಳೆ ಓಡುವುದರಿಂದ ಸುಮ್ಮನಿರುವ ಎಳೆಗೂ ಸ್ವಲ್ಪ ವೋಲ್ಟೇಜ್ ಅಂಟುತ್ತದೆ, ಮೀಟರ್‌ನ ಒಳಗಿನ ಪ್ರತಿರೋಧ ತುಂಬಾ ಜಾಸ್ತಿ ಇರುವುದರಿಂದ ಅದನ್ನೂ ತೋರಿಸಿಬಿಡುತ್ತದೆ. ಎಲೆಕ್ಟ್ರಿಷಿಯನ್‌ಗಳು ಬಳಸುವ ಎರಡು ಪ್ರೋಬಿನ ವೋಲ್ಟೇಜ್ ಟೆಸ್ಟರ್‌ನಲ್ಲಿ ಈ ತೊಂದರೆ ಬಹಳ ಕಡಿಮೆ. ಅದನ್ನೇ ಕೊಳ್ಳಿ. ಹತ್ತಿರ ಹಿಡಿದರೆ ಕೀ ಕೀ ಅನ್ನುವ ಪೆನ್ ಟೆಸ್ಟರ್ ಈ ಕೆಲಸಕ್ಕೆ ಬೇಡ. ಪಕ್ಕದ ವೈರಿಗೂ ಅದು ಕೂಗುತ್ತದೆ, ಕೆಲವೊಮ್ಮೆ ಲೈವ್ ಇದ್ದರೂ ಕೂಗುವುದಿಲ್ಲ.

ಇನ್ನೊಂದು ಸಂಗತಿ ನ್ಯೂಟ್ರಲ್. ಕಂದು ವೈರಿನಿಂದ ಅರ್ತ್‌ಗೆ ಅಳೆದರೆ 230 ಇದೆ, ಕಂದಿನಿಂದ ನ್ಯೂಟ್ರಲ್‌ಗೆ ಅಳೆದರೆ ಇಲ್ಲ ಅಂದರೆ ನ್ಯೂಟ್ರಲ್ ಎಲ್ಲೋ ಬಿಟ್ಟಿದೆ. ಎಲ್ಲ ಟರ್ಮಿನಲ್‌ನಲ್ಲೂ ಲೈವ್ ಕಾಣುತ್ತದೆ, ಆದರೆ ಯಾವುದೂ ಓಡುವುದಿಲ್ಲ. ವಾಲ್ವ್ ಮೇಲೆ ವಾಲ್ವ್ ಬದಲಾಯಿಸಿದರೂ ಪ್ರಯೋಜನವಿಲ್ಲದ ಮನೆಗಳಲ್ಲಿ ಇದನ್ನು ಮೊದಲು ನೋಡಿ.

ಡಯಲ್ ಇರುವ ಹಳೆಯ ರೂಮ್ ಥರ್ಮೋಸ್ಟಾಟ್‌ಗೂ ನ್ಯೂಟ್ರಲ್ ಬೇಕಾಗಿರಬಹುದು. ಒಳಗೆ ಒಂದು ಪುಟ್ಟ ರೆಸಿಸ್ಟರ್ ಬಿಸಿಯಾಗಿ ಥರ್ಮೋಸ್ಟಾಟ್ ಸ್ವಲ್ಪ ಮೊದಲೇ ಆಫ್ ಆಗುವಂತೆ ಮಾಡುತ್ತದೆ. ನ್ಯೂಟ್ರಲ್ ಸೇರಿಸದಿದ್ದರೂ ಹೀಟಿಂಗ್ ಬರುತ್ತದೆ, ಆದರೆ ಮನೆ ಒಮ್ಮೆ ಸೆಕೆ, ಒಮ್ಮೆ ಚಳಿ.

ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ 13 ಆಂಪಿಯರ್ ಫ್ಯೂಸ್ ಹಾಕುವ ಆಸೆಗೆ ಬೀಳಬೇಡಿ. ಆ ಸಣ್ಣ ವೈರುಗಳನ್ನು ಕಾಯುತ್ತಿರುವುದೇ 3 ಆಂಪಿಯರ್ ಫ್ಯೂಸ್. ಕರೆಂಟ್ ತೆಗೆದು ಪಂಪ್, ವಾಲ್ವ್, ಬಾಯ್ಲರ್ ಒಂದೊಂದನ್ನೇ ಬಿಡಿಸಿ ನೋಡಿ. ಪಂಪಿನ ನಟ್ಟಿನಿಂದ ತೊಟ್ಟಿಕ್ಕಿದ ನೀರು ವಾಲ್ವ್‌ನ ತಲೆಗೆ ಇಳಿದಿರುವುದೂ ಉಂಟು, ಹಸಿರು ಕಲೆ ಇದ್ದರೆ ಅದೇ.

ಕಾಂಬಿ ಮತ್ತು ವೈರ್‌ಲೆಸ್ ರಿಸೀವರ್

ಕಾಂಬಿಯಲ್ಲಿ ಸಾಲು ಚಿಕ್ಕದು, ಥರ್ಮೋಸ್ಟಾಟ್‌ನಿಂದ ನೇರ ಬಾಯ್ಲರ್‌ಗೆ. ಬಿಸಿನೀರು ಬರುತ್ತಿದ್ದು ಹೀಟಿಂಗ್ ಇಲ್ಲದಿದ್ದರೆ ರಿಸೀವರ್‌ನ (ವೈರ್‌ಲೆಸ್ ಥರ್ಮೋಸ್ಟಾಟ್‌ನ ಸಂದೇಶ ಪಡೆದು ಬಾಯ್ಲರ್‌ಗೆ ದಾಟಿಸುವ ಪೆಟ್ಟಿಗೆ) ಮೇಲಿನ ಬಟನ್ ಒತ್ತಿ ಕೈಯಿಂದ ಆನ್ ಮಾಡಿ. ಬಾಯ್ಲರ್ ಹೊತ್ತಿಕೊಂಡರೆ ವೈರಿಂಗ್ ಸರಿ ಇದೆ, ಥರ್ಮೋಸ್ಟಾಟ್‌ಗೂ ರಿಸೀವರ್‌ಗೂ ಸಂಪರ್ಕ ತಪ್ಪಿದೆ, ಕೈಪಿಡಿ ನೋಡಿ ಮತ್ತೆ ಜೋಡಿಸಿ.

ಹೊಸ ರಿಸೀವರ್ ಹಾಕುವವರು ಒಂದು ವಿಷಯದಲ್ಲಿ ತುಂಬಾ ಜಾಗ್ರತೆಯಾಗಿರಬೇಕು. ಕೆಲವು ಬಾಯ್ಲರ್‌ಗಳು ಆಜ್ಞೆಯಾಗಿ 230 ವೋಲ್ಟ್ ಕೇಳುತ್ತವೆ. ಆಗ ರಿಸೀವರ್‌ನಲ್ಲಿ ಲೈವ್ ಟರ್ಮಿನಲ್‌ನಿಂದ ಕಾಮನ್ ಅನ್ನುವ ಟರ್ಮಿನಲ್‌ಗೆ ಒಂದು ತುಂಡು ವೈರು ಹಾಕಬೇಕಾಗುತ್ತದೆ. ಬೇರೆ ಕೆಲವಕ್ಕೆ ಬೇಕಾಗಿರುವುದು ಬರೀ ಎರಡು ತುದಿ ಸೇರಿಸುವ ಸ್ವಿಚ್, ಅಥವಾ ಓಪನ್‌ಥರ್ಮ್‌ನಂಥ ಕಡಿಮೆ ವೋಲ್ಟಿನ ಎರಡು ವೈರು. ಅಂಥ ಟರ್ಮಿನಲ್‌ಗೆ ಆ ತುಂಡು ವೈರಿನ ಮೂಲಕ 230 ವೋಲ್ಟ್ ಹೋದರೆ ಬಾಯ್ಲರ್‌ನ ಸರ್ಕ್ಯೂಟ್ ಬೋರ್ಡ್ ಸುಟ್ಟು ಹೋಗುತ್ತದೆ, ಅದು ಇಡೀ ವ್ಯವಸ್ಥೆಯಲ್ಲಿ ದುಬಾರಿಯಾದ ತುಂಡುಗಳಲ್ಲಿ ಒಂದು. ಬಾಯ್ಲರ್‌ನ ಸ್ವಂತ ಕೈಪಿಡಿಯಲ್ಲಿ ವೈರಿಂಗ್ ಚಿತ್ರ ನೋಡದೆ ಇದನ್ನು ಮಾಡಲೇಬೇಡಿ.

ಸರಿ ಮಾಡಿದ ಮೇಲೆ

ವಾಲ್ವ್‌ನ ಮೋಟಾರ್ ಅಥವಾ ತಲೆಯನ್ನಷ್ಟೇ ಬದಲಾಯಿಸಿದರೆ ಬಹಳ ಮಾದರಿಗಳಲ್ಲಿ ನೀರು ಖಾಲಿ ಮಾಡಬೇಕಿಲ್ಲ. ಕೊಳ್ಳುವಾಗ ಮಾದರಿಯ ಪೂರ್ತಿ ನಂಬರ್ ನೋಡಿ ಅದೇ ತನ್ನಿ. ಎರಡು ಪೈಪಿನ ವಾಲ್ವ್‌ಗಳೆಲ್ಲ ನೋಡಲು ಒಂದೇ ತರಹ ಇದ್ದರೂ ಒಳಗಿನ ಸ್ವಿಚ್ ಬೇರೆ ಇರಬಹುದು.

ಹಾಕಿ ಮುಗಿದ ಕೂಡಲೇ ಹೀಟಿಂಗ್ ಬಂತು ಅಂತ ಖುಷಿಯಲ್ಲಿ ಮುಚ್ಚಳ ಹಾಕಬೇಡಿ, ನಾಲ್ಕೂ ಸ್ಥಿತಿ ನೋಡಿ. ಬಿಸಿನೀರು ಮಾತ್ರ ಹಾಕಿ, ರೇಡಿಯೇಟರ್ ಪೈಪು ತಣ್ಣಗಿರಬೇಕು. ಹೀಟಿಂಗ್ ಮಾತ್ರ ಹಾಕಿ, ಸಿಲಿಂಡರ್‌ಗೆ ಹೋಗುವ ಪೈಪು ಬಿಸಿಯಾಗಬಾರದು. ಎರಡೂ ಹಾಕಿ, ಆಮೇಲೆ ಸಿಲಿಂಡರ್ ಥರ್ಮೋಸ್ಟಾಟ್ ಇಳಿಸಿದರೂ ಹೀಟಿಂಗ್ ಮುಂದುವರಿಯಬೇಕು. ಕೊನೆಗೆ ಎರಡೂ ಆಫ್. ಬೆಂಕಿ ಕೂಡಲೇ ಆರಬೇಕು. ಪಂಪ್ ಮಾತ್ರ ಇನ್ನೂ ಕೆಲವು ನಿಮಿಷ ತಿರುಗುತ್ತಿದ್ದರೆ ಗಾಬರಿ ಬೇಡ. ಅನೇಕ ಬಾಯ್ಲರ್‌ಗಳು ಒಳಗೆ ಉಳಿದ ಬಿಸಿಯನ್ನು ಹೊರಹಾಕಲು ಪಂಪನ್ನು ತಾವೇ ಓಡಿಸಿಕೊಳ್ಳುತ್ತವೆ. ಅಂಥ ಬಾಯ್ಲರ್‌ಗೆ ಆಜ್ಞೆಯ ವೈರಿನ ಜೊತೆ ಯಾವಾಗಲೂ ಇರುವ ಲೈವ್ ಒಂದು ಬೇರೆಯಾಗಿಯೇ ಬೇಕು, ಪಂಪಿನ ವೈರೂ ವೈರಿಂಗ್ ಸೆಂಟರ್‌ನ ಕಿತ್ತಳೆ ಟರ್ಮಿನಲ್‌ಗೆ ಬದಲು ಬಾಯ್ಲರ್‌ನ ಪಂಪ್ ಟರ್ಮಿನಲ್‌ಗೇ ಹೋಗಿರಬೇಕು.